ಹಸಿ ಮೀನು, ಲಿವರಿನ ಹುಳು

ಕರಾವಳಿಯವರಾದ ನಮಗೆ ಮೀನಿಲ್ಲದ ಊಟ ಊಟವೇ ಅಲ್ಲ. ಆದರೆ ಮೀನನ್ನು ಹಸಿಯಾಗಿ ತಿನ್ನುತ್ತೀರಾ ಅಂತ ಕೇಳಿದರೆ ನಮ್ಮ ಮನೆಗಳಲ್ಲಿ ನಕ್ಕು ಬಿಡುತ್ತಾರೆ. ಥಾಯ್ಲೆಂಡಿನ ಈಶಾನ್ಯ ಭಾಗದ ಇಸಾನ್ ಸೀಮೆಯಲ್ಲಿ ಮಾತ್ರ ಅದು ತಲೆತಲಾಂತರದ ಊಟ. ಕೆರೆಯಲ್ಲೋ ಗದ್ದೆಯ ನೀರಿನಲ್ಲೋ ಹಿಡಿದ ಸಣ್ಣ ಮೀನನ್ನು ಕೊಚ್ಚಿ, ಲಿಂಬೆರಸ, ಮೆಣಸು, ಸೊಪ್ಪು ಕಲಸಿ ಹಾಗೆಯೇ ತಿನ್ನುತ್ತಾರೆ. ‘ಕೋಯಿ ಪ್ಲಾ’ ಅಂತ ಅದರ ಹೆಸರು. ಬಡ ರೈತರಿಗೆ ಖರ್ಚಿಲ್ಲದೆ ಸಿಗುವ ರುಚಿ. ಈ ರುಚಿಯೇ ಅಲ್ಲಿ ಎಷ್ಟೋ ಕುಟುಂಬಗಳ ಯಜಮಾನರನ್ನು ಮಣ್ಣಿಗೆ ಸೇರಿಸಿದೆ.

ಕಾರಣ, ಒಂದು ಸೆಂಟಿಮೀಟರಿನಷ್ಟೂ ಉದ್ದವಿಲ್ಲದ ಚಪ್ಪಟೆ ಹುಳು. ಸೋಂಕು ತಗುಲಿದವರ ಮಲದ ಮೂಲಕ ಅದರ ಮೊಟ್ಟೆ ನೀರಿಗೆ ಸೇರುತ್ತದೆ. ಅಲ್ಲಿ ಸಣ್ಣ ಬಸವನಹುಳು ಅದನ್ನು ನುಂಗುತ್ತದೆ. ಅದರೊಳಗೆ ಬೆಳೆದ ಮರಿಗಳು ಹೊರಬಂದು ಗೆಂಡೆ ಜಾತಿಯ ಮೀನಿನ ಮಾಂಸದಲ್ಲಿ ಅಡಗಿ ಕೂರುತ್ತವೆ. ಆ ಮೀನನ್ನು ಹಸಿಯಾಗಿ ತಿಂದವರ ಪಿತ್ತನಾಳಕ್ಕೆ ಹತ್ತಿ, ಹತ್ತಾರು ವರ್ಷ ಅಲ್ಲೇ ಬದುಕುತ್ತವೆ. ನೋವಿಲ್ಲ, ಜ್ವರವಿಲ್ಲ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನಾಳದ ಒಳಗೋಡೆ ಮಾತ್ರ ಕೆರಳುತ್ತಲೇ ಇರುತ್ತದೆ. ಕೆಲವರಲ್ಲಿ ಕೊನೆಗೆ ಅದು ಪಿತ್ತನಾಳದ ಕ್ಯಾನ್ಸರ್ ಆಗುತ್ತದೆ. ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಬಹುಪಾಲು ಕಾಲ ಮೀರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲೇ ಈ ಹುಳುವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ.

ಲಿಂಬೆರಸ ಹಿಂಡಿದರೆ ಹುಳು ಸಾಯುತ್ತದೆ ಅಂತ ಅಲ್ಲಿಯ ಅನೇಕರ ನಂಬಿಕೆ. ಹುಳಿಯಲ್ಲಿ ಮಾಂಸ ಬಿಳಿಚಿಕೊಂಡು ಬೆಂದಂತೆ ಕಾಣುತ್ತದೆ, ಹುಳು ಸಾಯುವುದಿಲ್ಲ. ಮೆಣಸಿನ ಖಾರಕ್ಕೂ ಸಾಯುವುದಿಲ್ಲ. ಅದಕ್ಕೆ ಬೆಂಕಿಯೇ ಬೇಕು. ‘ಪ್ರಾಜಿಕ್ವಾಂಟೆಲ್’ ಎಂಬ ಮಾತ್ರೆ ಹುಳುವನ್ನು ಕೊಲ್ಲುತ್ತದೆ ನಿಜ. ಆದರೆ ಮಾತ್ರೆ ಇದೆಯಲ್ಲ ಅಂತ ಪುನಃ ಹಸಿ ಮೀನು ತಿಂದರೆ ಹುಳುವೂ ಪುನಃ ಬರುತ್ತದೆ. ಆಗಿಹೋದ ಹಾನಿಯನ್ನು ಮಾತ್ರೆ ಅಳಿಸುವುದೂ ಇಲ್ಲ.

ಖೋನ್ ಕೇನ್‌ನ ಶಸ್ತ್ರವೈದ್ಯ ನರೋಂಗ್ ಖುಂಟಿಕೇವ್ ಅವರ ತಂದೆ-ತಾಯಿ ಇಬ್ಬರೂ ಇದೇ ಕ್ಯಾನ್ಸರಿಗೆ ಬಲಿಯಾದವರು. ಅವರು ಆಪರೇಷನ್ ಮಾಡುತ್ತಾ ಕುಳಿತುಕೊಳ್ಳಲಿಲ್ಲ. ಸ್ಕ್ಯಾನಿಂಗ್ ಯಂತ್ರವನ್ನು ಹಳ್ಳಿಗಳಿಗೇ ಒಯ್ದರು. ಅದೇ ಪ್ರಾಂತ್ಯದ ಲಾವಾ ಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ವಿಶ್ವವಿದ್ಯಾನಿಲಯದವರು ಮಾತ್ರೆ ಕೊಟ್ಟರು, ಶಾಲೆಯ ಮಕ್ಕಳಿಗೆ ಕಲಿಸಿದರು, ಊರಿನ ಸ್ವಯಂಸೇವಕರನ್ನು ಮನೆಮನೆಗೆ ಕಳಿಸಿದರು. ಅಲ್ಲಿ ಸೋಂಕು ಬಹಳ ಇಳಿಯಿತು. ಬದಲಾಗಲು ಕಷ್ಟಪಟ್ಟವರು ಹಿರಿಯರೇ. ‘ನಮ್ಮ ಅಪ್ಪ ಅಜ್ಜ ತಿಂದಿಲ್ಲವೇ?’ ಎಂಬ ಮಾತಿಗೆ ಉತ್ತರ ಕೊಡುವುದು ಯಾವ ಊರಿನಲ್ಲೂ ಸುಲಭವಲ್ಲ.

ಈಗ ನಮ್ಮ ಮಾತಿಗೆ ಬರೋಣ. ಈ ಹುಳು ಮೆಕಾಂಗ್ ನದಿ ಸೀಮೆಯದು, ಸಿಹಿನೀರಿನ ಮೀನಿನದು. ಬೂತಾಯಿ, ಬಂಗುಡೆ ತಿನ್ನುವವರು ಹೆದರಬೇಕಾಗಿಲ್ಲ. ‘ಮೀನು ತಿಂದರೆ ಕ್ಯಾನ್ಸರ್’ ಅಂತ ಮೊಬೈಲಿನಲ್ಲಿ ಬಂದರೆ ಮುಂದೆ ಕಳಿಸಬೇಡಿ. ವ್ಯಾಪಾರಕ್ಕೋ ಪ್ರವಾಸಕ್ಕೋ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಕಡೆ ಹೋಗುವ ನಮ್ಮ ಯುವಕರು ಮಾತ್ರ ಹಸಿ, ಅರೆಬೆಂದ ಹೊಳೆ ಮೀನು ಮುಟ್ಟದಿರಲಿ. ತಿಂದವರು ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಲಿ; ಮಲಪರೀಕ್ಷೆಯಿಂದ ಗೊತ್ತಾಗುತ್ತದೆ. ಮಳೆಗಾಲದ ಆರಂಭದಲ್ಲಿ ಗದ್ದೆಗೆ ಹತ್ತುವ ಮೀನು ಹಿಡಿಯುವ ಖುಷಿ ನಮಗೂ ಉಂಟು. ಹಿಡಿಯಿರಿ, ಚೆನ್ನಾಗಿ ಬೇಯಿಸಿ ತಿನ್ನಿರಿ.

ಇಸಾನಿನವರನ್ನು ನೋಡಿ ನಗುವ ಮೊದಲು ನಮ್ಮ ಮನೆಯ ಎಲೆ-ಅಡಿಕೆ ತಟ್ಟೆಯನ್ನೂ ನೋಡೋಣ. ಅದರಲ್ಲಿರುವ ಹೊಗೆಸೊಪ್ಪು ಬಾಯಿಯ ಕ್ಯಾನ್ಸರ್ ತರುತ್ತದೆ ಎಂದು ಗೊತ್ತಿದ್ದೂ, ‘ಹಿರಿಯರು ಹಾಕುತ್ತಿದ್ದರಲ್ಲ’ ಅಂತ ನಾವೂ ಹೇಳುತ್ತೇವೆ. ಹಿರಿಯರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಅವರ ಮೇಲಿನ ಗೌರವಕ್ಕಾಗಿ ಅವರ ರೋಗವನ್ನೂ ಮಕ್ಕಳಿಗೆ ದಾಟಿಸಬೇಕಾಗಿಲ್ಲ.