ರ‍್ಯಾಂಕು ಬಂತು, ಮೇಷ್ಟ್ರು ಬರಲಿಲ್ಲ

2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.80 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲಾಯಿತು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದವು. ಜಿಲ್ಲೆ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಕೃಪಾಂಕ ಹೆಚ್ಚಿಸಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು ಎಂಬುದು ಸಮಾಧಾನವಲ್ಲ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗುವುದಿಲ್ಲ. ಅಷ್ಟು ವರ್ಷ ಅಳೆದದ್ದು ಏನನ್ನು ಎಂಬುದಕ್ಕೆ ಶಿಕ್ಷಣ ಇಲಾಖೆ ಇಂದಿಗೂ ನೆಟ್ಟಗೆ ಉತ್ತರಿಸಿಲ್ಲ.

ಈ ಪ್ರಶ್ನೆ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ಏಳುವುದು ಹೆಚ್ಚು ನಾಚಿಕೆಗೇಡು. ಬೆಳಗೆರೆ ಕೃಷ್ಣಶಾಸ್ತ್ರಿ (1916–2013) ಮೇಷ್ಟ್ರಾಗಿದ್ದ ನೆಲ ಇದು. ಸ್ವಾತಂತ್ರ್ಯ ಚಳವಳಿಯಿಂದ ಬಂದ ಈ ಗಾಂಧಿವಾದಿ ಹಳ್ಳಿಗಳಲ್ಲಿ ಪಾಠ ಹೇಳಿದರು, ವೇದಾವತಿ ದಂಡೆಯ ತಮ್ಮೂರಲ್ಲೇ ಶಾಲೆ ಕಟ್ಟಿದರು. ಅವರ ‘ಯೇಗ್ದಾಗೆಲ್ಲಾ ಐತೆ’ಯನ್ನು ಅಧ್ಯಾತ್ಮದ ಪುಸ್ತಕವೆಂದು ಕಪಾಟಿಗೆ ಸೇರಿಸಿದ್ದೇವೆ. ಅದನ್ನು ಶಿಕ್ಷಕರ ತರಬೇತಿಗೆ ಇಡಬೇಕಿತ್ತು. ಓದಿದ ಮೇಷ್ಟ್ರೊಬ್ಬರು ಮುಕುಂದೂರು ಸ್ವಾಮಿಗಳ ಮುಂದೆ ಶಿಷ್ಯರಂತೆ ಕೂತು, ಅವರ ಹಳ್ಳಿಮಾತನ್ನು ತಿದ್ದದೆ ಹಾಗೇ ಬರೆದುಕೊಂಡ ಪುಸ್ತಕ ಅದು. ಹಟ್ಟಿಯ ಮಗುವಿನ ಮಾತನ್ನು ಕೀಳೆಂದು ಬಗೆಯದವನಿಗೇ ಅದರ ತಲೆಗೆ ಅಕ್ಷರ ದಾಟಿಸಲು ಬರುತ್ತದೆ.

ಆಂಧ್ರದ ಗಡಿಗೆ ಅಂಟಿದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಗೊಲ್ಲರಹಟ್ಟಿಯ ಕನ್ನಡವೂ ಪಠ್ಯದ ಕನ್ನಡವಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ, ಮೊಳಕಾಲ್ಮೂರಿನಲ್ಲಿ ಮಗ್ಗ. ಇವನ್ನೆಲ್ಲ ಅರಿಯಲು ಮೇಷ್ಟ್ರು ಊರಲ್ಲಿ ವರ್ಷಗಟ್ಟಲೆ ಇರಬೇಕು. ಸರ್ಕಾರ ಮಾಡುವುದೇನು? ಜೂನ್ ಬಂತೆಂದರೆ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು. ಶಾಲಾವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಹಾಜರಿ ಪುಸ್ತಕದ ಹೆಸರುಗಳು ಬಾಯಿಗೆ ಬರುವ ಹೊತ್ತಿಗೆ ಮೇಷ್ಟ್ರು ಹೋಗಿರುತ್ತಾರೆ.

ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟದ್ದಿದೆ. ಅಲ್ಲಿ ರಾಜ್ಯದ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಒಳ್ಳೆಯ ಕೆಲಸ. ಡಿಆರ್‌ಡಿಒ, ಇಸ್ರೋ, ಬಾರ್ಕ್‌ಗಳಿಗೂ ಸುತ್ತಲಿನ ಅಮೃತಮಹಲ್ ಕಾವಲು ಹೋಯಿತು. ಕುರಿ ಮೇಯಿಸುತ್ತಿದ್ದವರ ಹುಲ್ಲುಗಾವಲಿಗೆ ಬೇಲಿ ಬಿತ್ತು. ಸಾವಿರಾರು ಎಕರೆ ಹುಡುಕಿಕೊಟ್ಟ ಸರ್ಕಾರಕ್ಕೆ ಅದೇ ಕುರಿಗಾಹಿಗಳ ಮಕ್ಕಳಿಗೆ ಕಾಯಂ ಗಣಿತ ಮೇಷ್ಟ್ರನ್ನು ಹುಡುಕುವುದು ಕಷ್ಟವೆಂದರೆ ನಂಬುವುದು ಹೇಗೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆಂದು ಬಂಡೆಯ ಮೇಲೆ ಕೊರೆಸಿದ್ದಾನೆ. ಶಿಷ್ಯರು ಇಲ್ಲಿ ಇವತ್ತಿಗೂ ಗೌರವಿಸುತ್ತಾರೆ, ತಪ್ಪಿದ್ದು ಸರ್ಕಾರ. ಕೃಷ್ಣಶಾಸ್ತ್ರಿಗಳನ್ನು ಹೊಗಳುವ ಭಾಷಣ ಇನ್ನು ಸಾಕು. ಎರಡೂ ತಾಲ್ಲೂಕುಗಳ ಪ್ರತಿ ಖಾಲಿ ಹುದ್ದೆಗೆ ಕಾಯಂ ನೇಮಕವಾಗಲಿ, ನೇಮಕವಾದವರು ಕನಿಷ್ಠ ಐದು ವರ್ಷ ಅಲ್ಲೇ ಇರಲಿ. ಅಲ್ಲಿಯತನಕ ಶೇಕಡಾವಾರು ಫಲಿತಾಂಶದ ಸನ್ಮಾನ ಸಮಾರಂಭಗಳನ್ನು ಜಿಲ್ಲಾಡಳಿತ ನಿಲ್ಲಿಸಬೇಕು.