ಉಪ್ಪಿನ ಋಣಕ್ಕೆ ರಸೀದಿ ಇರುವುದಿಲ್ಲ

ನಮ್ಮ ಪತ್ರಿಕೆಗಳಲ್ಲಿ ‘ಲಾಬಿ’ ಎಂಬ ಪದ ಬಂದರೆ ಓದುಗರ ಕಣ್ಣೆದುರು ನಿಲ್ಲುವುದು ಸಂಪುಟ ವಿಸ್ತರಣೆಯ ಹೊತ್ತಿಗೆ ದೆಹಲಿ ವಿಮಾನ ಹತ್ತುವ ಶಾಸಕರು. ಮಂತ್ರಿಗಿರಿಗೆ ಲಾಬಿ, ಟಿಕೆಟ್‌ಗೆ ಲಾಬಿ, ನಿಗಮ ಮಂಡಳಿಗೆ ಲಾಬಿ. ತೆರಿಗೆ, ಗಣಿ ಗುತ್ತಿಗೆ, ಟೆಂಡರಿನ ಷರತ್ತು ಇಂಥವುಗಳಿಗಾಗಿ ಕಂಪನಿಗಳು ಸರ್ಕಾರದ ಕಿವಿಯ ಹತ್ತಿರ ಕೂರುವ ಇನ್ನೊಂದು ಬಗೆಯ ಲಾಬಿಗೆ ಕನ್ನಡದಲ್ಲಿ ಬೇರೆ ಹೆಸರೇ ಹುಟ್ಟಿಲ್ಲ. ಅದನ್ನು ಲೆಕ್ಕಕ್ಕೆ ತರುವ ಕಾನೂನೂ ಈ ದೇಶದಲ್ಲಿಲ್ಲ. ಭಾರತದ ಚಿಲ್ಲರೆ ಮಾರುಕಟ್ಟೆಗೆ ಕಾಲಿಡುವುದೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ 2008ರಿಂದ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿದ್ದಾಗಿ ವಾಲ್‌ಮಾರ್ಟ್ ಹೇಳಿಕೊಂಡ ಸಂಗತಿ 2012ರಲ್ಲಿ ನಮ್ಮ ಸಂಸತ್ತನ್ನು ನಡುಗಿಸಿತು. ಆದರೆ ಆ ಮಾಹಿತಿ ಬಂದದ್ದು ಅಮೆರಿಕದ ಸೆನೆಟ್‌ಗೆ ಅಲ್ಲಿನ ಕಾನೂನಿನ ಪ್ರಕಾರ ಸಲ್ಲಿಸಿದ ಲೆಕ್ಕಪತ್ರದಿಂದ. ನಮ್ಮ ಮನೆಯ ವ್ಯವಹಾರವನ್ನು ನಾವು ಪಕ್ಕದ ಮನೆಯ ದಫ್ತರದಲ್ಲಿ ಓದಿ ತಿಳಿದೆವು.

ಕಂಪನಿಗಳ ಹಣ ರಾಜಕೀಯಕ್ಕೆ ಹರಿಯುವುದನ್ನು ನಾವು ಯಾವಾಗಲೂ ಲಂಚದ ಕನ್ನಡಕದಲ್ಲಿ ನೋಡುತ್ತೇವೆ. ಯಾರು ಎಷ್ಟು ಕೊಟ್ಟರು, ಬದಲಿಗೆ ಏನು ಸಿಕ್ಕಿತು, ಸಾಕ್ಷಿ ಎಲ್ಲಿ? ಈ ಪ್ರಶ್ನೆಗಳಿಂದ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ವಾದ. ದೇಣಿಗೆ ಹುಟ್ಟಿಸುವುದು ಋಣವನ್ನು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬ ಭಾವ ನಮ್ಮಲ್ಲಿ ಎಷ್ಟು ಆಳವಾಗಿದೆಯೋ, ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಅಷ್ಟೇ ಅಸಾಧ್ಯ. ಹಾಗಾಗಿ ಕೊಡುವ ಕೈಯನ್ನು ಹಿಡಿಯಲು ಹೋಗುವುದಕ್ಕಿಂತ ತೆಗೆದುಕೊಳ್ಳುವವರ ಹಸಿವಿಗೆ ಮಿತಿ ಹಾಕುವುದು ಮುಖ್ಯ. ಚುನಾವಣಾ ಬಾಂಡ್‌ಗಳ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

2017ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಘೋಷಿಸಿ, 2018ರ ಜನವರಿಯಲ್ಲಿ ಜಾರಿಗೆ ಬಂದ ಯೋಜನೆ ಅದು. ಸ್ಟೇಟ್ ಬ್ಯಾಂಕಿನಲ್ಲಿ ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡ್ ಕೊಂಡು ಪಕ್ಷಕ್ಕೆ ಕೊಟ್ಟರೆ ಪಕ್ಷ ಹದಿನೈದು ದಿನದೊಳಗೆ ನಗದು ಮಾಡಿಕೊಳ್ಳಬಹುದಿತ್ತು. ಕೊಟ್ಟವರ ಹೆಸರು ಜನರಿಗೆ ತಿಳಿಯುವಂತಿರಲಿಲ್ಲ. ಬಾಂಡ್‌ಗಿಂತ ಅದರ ಬೆನ್ನಿಗೆ ಬಂದ ತಿದ್ದುಪಡಿಗಳು ಹೆಚ್ಚು ಗಂಭೀರ. ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಮಿತಿ ಹೋಯಿತು. ಯಾವ ಪಕ್ಷಕ್ಕೆ ಕೊಟ್ಟೆವು ಎಂದು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವೂ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಮನಸ್ಸು ಬಂದಷ್ಟು ಕೊಡಬಹುದಾಯಿತು. ರಿಸರ್ವ್ ಬ್ಯಾಂಕ್ ಆಕ್ಷೇಪಿಸಿತು, ಚುನಾವಣಾ ಆಯೋಗ ಇದನ್ನು ಹಿಂದಕ್ಕೆ ಇಟ್ಟ ಹೆಜ್ಜೆ ಎಂದು ಪತ್ರ ಬರೆಯಿತು. ಎರಡೂ ಕಡತ ಸೇರಿದವು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದು ಮಾಡುವ ಹೊತ್ತಿಗೆ ಸುಮಾರು 16,500 ಕೋಟಿ ರೂಪಾಯಿಯ ಬಾಂಡ್‌ಗಳು ಮಾರಾಟವಾಗಿದ್ದವು. ಹಣದ ಲೆಕ್ಕದಲ್ಲಿ ನೋಡಿದರೆ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಒಂದು ಕೋಟಿ ಮುಖಬೆಲೆಯವು. ಸಾವಿರ ರೂಪಾಯಿ ಬಾಂಡ್ ಕೊಳ್ಳುವ ಸಾಮಾನ್ಯ ಕಾರ್ಯಕರ್ತನ ಹೆಸರು ಹೇಳಿ ತಂದ ಯೋಜನೆಯ ಬಣ್ಣ ಈ ಒಂದು ಅಂಕಿಯಲ್ಲೇ ಬಯಲಾಗುತ್ತದೆ.

ಕೋರ್ಟ್ ಕೇಳಿದ ದಾನಿಗಳ ಹೆಸರುಗಳ ಪಟ್ಟಿ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ, ಅಂದರೆ ಲೋಕಸಭಾ ಚುನಾವಣೆ ಮುಗಿಯುವವರೆಗೆ, ಸಮಯ ಕೇಳಿತು. ಕೋರ್ಟ್ ಗದರಿದ ಮರುದಿನವೇ ಕೊಟ್ಟಿತು. ಪಕ್ಷಗಳು ಆಯೋಗಕ್ಕೆ ಬರೆದುಕೊಟ್ಟ ವಿವರಣೆಗಳಂತೂ ಓದಲೇಬೇಕಾದವು. 2019ರ ಏಪ್ರಿಲ್ 3ರಂದು ಯಾರೋ ಪಟ್ನಾ ಕಚೇರಿಗೆ ಬಂದು ಲಕೋಟೆಯೊಂದನ್ನು ಕೊಟ್ಟುಹೋದರು, ಒಡೆದು ನೋಡಿದರೆ ತಲಾ ಒಂದು ಕೋಟಿಯ ಹತ್ತು ಬಾಂಡ್‌ಗಳಿದ್ದವು, ಕೊಟ್ಟವರು ಯಾರೆಂದು ಗೊತ್ತಿಲ್ಲ ಎಂದಿತು ಜೆಡಿಯು. ಹುಂಡಿಗೆ ಕಾಣಿಕೆ ಹಾಕುವವರೂ ಚೀಟಿಯಲ್ಲಿ ಹೆಸರು, ಗೋತ್ರ ಬರೆಯುವ ದೇಶದಲ್ಲಿ ಹತ್ತು ಕೋಟಿ ಕೊಟ್ಟವರು ಹೆಸರು ಹೇಳದೆ ನಡೆದುಬಿಟ್ಟರಂತೆ! ಕರ್ನಾಟಕದ ಜೆಡಿಎಸ್, ತಮಿಳುನಾಡಿನ ಡಿಎಂಕೆಯಂಥ ಕೆಲವೇ ಪಕ್ಷಗಳು ದಾನಿಗಳ ಹೆಸರು ಕೊಟ್ಟವು ಎಂಬುದನ್ನೂ ಇಲ್ಲಿ ಹೇಳಬೇಕು.

ಪಟ್ಟಿ ಹೊರಬಿದ್ದಾಗ ಅತಿ ಹೆಚ್ಚು ಬಾಂಡ್ ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್ ಎಂದು ತಿಳಿಯಿತು. ಅದು ಕೊಂಡದ್ದು 1,368 ಕೋಟಿಯ ಬಾಂಡ್, ಅದು ತೋರಿಸಿದ ನಿವ್ವಳ ಲಾಭದ ಹಲವು ಪಟ್ಟು. ಜಾರಿ ನಿರ್ದೇಶನಾಲಯದ ತನಿಖೆ ಎದುರಿಸುತ್ತಿದ್ದ ಈ ಕಂಪನಿಯ ಹಣದ ದೊಡ್ಡ ಪಾಲು ಹೋದದ್ದು ಕೇಂದ್ರದ ಆಡಳಿತ ಪಕ್ಷಕ್ಕಲ್ಲ, ರಾಜ್ಯಗಳಲ್ಲಿ ಆಳುತ್ತಿದ್ದ ಟಿಎಂಸಿ ಮತ್ತು ಡಿಎಂಕೆಗೆ. ಎರಡನೆಯದು ಸರ್ಕಾರಿ ಕಾಮಗಾರಿಗಳ ದೊಡ್ಡ ಗುತ್ತಿಗೆದಾರ ಮೇಘಾ ಎಂಜಿನಿಯರಿಂಗ್, 966 ಕೋಟಿ. ದೆಹಲಿ ಅಬಕಾರಿ ಪ್ರಕರಣದಲ್ಲಿ ಔಷಧ ಕಂಪನಿಯೊಂದರ ನಿರ್ದೇಶಕರ ಬಂಧನವಾದದ್ದು 2022ರ ನವೆಂಬರ್ 10ರಂದು. ಆ ಕಂಪನಿ 5 ಕೋಟಿಯ ಬಾಂಡ್ ಕೊಂಡದ್ದು ನವೆಂಬರ್ 15ರಂದು. ಅದನ್ನು ನಗದು ಮಾಡಿಕೊಂಡದ್ದು ಬಿಜೆಪಿ. 2019ರ ಏಪ್ರಿಲ್‌ನಿಂದ ನಗದಾದ ಬಾಂಡ್‌ಗಳಲ್ಲಿ ಬಿಜೆಪಿಯ ಪಾಲು 6,000 ಕೋಟಿ ದಾಟಿತ್ತು, ಟಿಎಂಸಿಯದು 1,600 ಕೋಟಿ, ಕಾಂಗ್ರೆಸ್‌ನದು 1,400 ಕೋಟಿ.

ಇದೆಲ್ಲ ಲಂಚಕ್ಕೆ ಪುರಾವೆಯೇ? ಅಲ್ಲ. ದಿನಾಂಕಗಳು ಅಕ್ಕಪಕ್ಕ ಕೂತ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ಇದನ್ನು ಬೆಂಗಳೂರಿಗಿಂತ ಚೆನ್ನಾಗಿ ತೋರಿಸಿದ ಊರಿಲ್ಲ. ಬಾಂಡ್ ಹೆಸರಿನಲ್ಲಿ ಸುಲಿಗೆ ನಡೆದಿದೆ ಎಂಬ ಖಾಸಗಿ ದೂರಿನ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ವಿಶೇಷ ನ್ಯಾಯಾಲಯದ ಆದೇಶದಂತೆ ತಿಲಕ್ ನಗರ ಠಾಣೆಯಲ್ಲಿ ಕೇಂದ್ರ ಹಣಕಾಸು ಸಚಿವೆ ಸೇರಿ ಹಲವರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ನೀಡಿತು, ಡಿಸೆಂಬರ್‌ನಲ್ಲಿ ಪ್ರಕರಣವನ್ನೇ ರದ್ದು ಮಾಡಿತು. ಸುಲಿಗೆ ಎನ್ನಬೇಕಾದರೆ ಹೆದರಿ ಹಣ ಕಳೆದುಕೊಂಡವರು ಬಂದು ಹೇಳಬೇಕು, ದೂರುದಾರರು ಅಂಥವರಲ್ಲ ಎಂಬುದು ಅದರ ತರ್ಕದ ತಿರುಳು. ಕಾನೂನಿನ ಕಣ್ಣಲ್ಲಿ ಆ ತರ್ಕ ಸರಿಯೇ ಇರಬಹುದು. ಆದರೆ ಕೋಟಿಗಟ್ಟಲೆ ಕೊಟ್ಟ ಯಾವ ಕಂಪನಿ ಠಾಣೆಯ ಮೆಟ್ಟಿಲು ಹತ್ತಿ ‘ನಾನು ಹೆದರಿ ಕೊಟ್ಟೆ’ ಎಂದೀತು? ಹೆದರಿ ಕೊಟ್ಟವರಿಗೆ ಮಾತಾಡಲು ಭಯ, ಆಸೆಯಿಂದ ಕೊಟ್ಟವರಿಗೆ ಮಾತಾಡುವ ಅಗತ್ಯವೇ ಇಲ್ಲ. ಬಾಂಡ್‌ಗಳ ಬಗ್ಗೆ ವಿಶೇಷ ತನಿಖಾ ತಂಡ ಬೇಕೆಂಬ ಬೇಡಿಕೆಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಕ್ರಿಮಿನಲ್ ಕಾನೂನು ಎಂಬ ಬಲೆಯ ಕಣ್ಣುಗಳು ಈ ಮೀನಿಗೆ ತೀರಾ ದೊಡ್ಡವು.

ಋಣ ತೀರಿಸಲು ಕಾನೂನು ಮುರಿಯಬೇಕಿಲ್ಲ, ಕಾನೂನನ್ನೇ ಬರೆಯಬಹುದು ಎಂಬುದು ಇದಕ್ಕಿಂತ ದೊಡ್ಡ ತೊಡಕು. ವೇದಾಂತ ಸಮೂಹದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ದೇಣಿಗೆ ಕಾಯ್ದೆ ಉಲ್ಲಂಘಿಸಿವೆ ಎಂದು 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ತೀರ್ಪಿತ್ತು ಕ್ರಮಕ್ಕೆ ಸೂಚಿಸಿತು. 2016ರ ಹಣಕಾಸು ಕಾಯ್ದೆಯಲ್ಲಿ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯೆ ಬದಲಾಯಿತು, ಅದೂ 2010ರಿಂದ ಪೂರ್ವಾನ್ವಯವಾಗಿ. ವಿವಾದದ ದೇಣಿಗೆಗಳು ಅದಕ್ಕಿಂತ ಹಿಂದಿನವು ಎಂಬುದು ಅರಿವಾದ ಮೇಲೆ 2018ರಲ್ಲಿ ಮತ್ತೊಂದು ತಿದ್ದುಪಡಿ ಬಂದು ವಿನಾಯಿತಿ 1976ಕ್ಕೆ ಹೋಯಿತು. ನಲವತ್ತೆರಡು ವರ್ಷ ಹಿಂದಕ್ಕೆ! ಆ ಮಸೂದೆ ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ಹಸುವಿನಿಂದ ಹಿಡಿದು ಹಿಜಾಬಿನವರೆಗೆ ಎಲ್ಲದಕ್ಕೂ ಕಾದಾಡುವ ಎರಡು ಪಕ್ಷಗಳು ಒಂದೇ ಚಾಪೆಯ ಮೇಲೆ ಕೂರುವ ಜಾಗ ಇದು.

ಈ ಚಾಪೆ ಹಾಸಿದ್ದು ಇಂದಿನವರಲ್ಲ. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನು ಪೂರ್ತಿ ನಿಷೇಧಿಸಿತು. ಬೇಡಿಕೆ ಹಾಗೇ ಉಳಿದು ಬಾಗಿಲು ಮಾತ್ರ ಮುಚ್ಚಿದ್ದರಿಂದ ಹಣ ಸೂಟ್‌ಕೇಸಿನೊಳಗೆ ಹೋಯಿತು; 1985ರಲ್ಲಿ ನಿಷೇಧ ತೆರವಾಯಿತು. ನಡುವೆ 1974ರಲ್ಲಿ ನಡೆದದ್ದು ನಿಜವಾದ ತಿರುವು. ದೆಹಲಿ ಸದರ್ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಎಂದಿತು. ಕೆಲವೇ ವಾರಗಳಲ್ಲಿ ಸುಗ್ರೀವಾಜ್ಞೆ ಬಂದು ತೀರ್ಪು ನಿಷ್ಫಲವಾಯಿತು. 2003ರ ತಿದ್ದುಪಡಿ ಆ ಕಿಂಡಿಯನ್ನು ಒಂದಿಷ್ಟು ಕಿರಿದು ಮಾಡಿತು. ಆದರೂ ಇಂದು ನಮ್ಮಲ್ಲಿ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ, ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ಮಿತಿ ಇದ್ದರೆ, ಅವರ ಪಕ್ಷಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿ ಚಹಾ, ಶಾಮಿಯಾನ, ಬಾಡಿಗೆ ಕಾರಿನ ಲೆಕ್ಕ ಬರೆಯುತ್ತಾನೆ. ಅವನ ತಲೆಯ ಮೇಲೆ ಪಕ್ಷದ ಹೆಲಿಕಾಪ್ಟರ್ ಹಾರುತ್ತಿರುತ್ತದೆ. ಎದುರಾಳಿ ನೂರು ಕೋಟಿ ಸುರಿದರೆ ತಾನು ನೂರೈವತ್ತು ಸುರಿಯಬೇಕೆಂಬ ಪೈಪೋಟಿ ಇರುವವರೆಗೆ ಪಕ್ಷಗಳು ಕೈಚಾಚುತ್ತಲೇ ಇರುತ್ತವೆ.

ಪಾರದರ್ಶಕತೆ ಬಂದರೆ ಸಾಕಲ್ಲವೇ ಎನ್ನುವವರಿದ್ದಾರೆ. ಬಾಂಡ್ ರದ್ದಾದ ನಂತರದ ಮೊದಲ ಪೂರ್ಣ ಹಣಕಾಸು ವರ್ಷವನ್ನು ನೋಡಿ. ಕಂಪನಿಗಳ ದೇಣಿಗೆ ಒಟ್ಟುಗೂಡಿಸಿ ಹಂಚುವ ಎಲೆಕ್ಟೋರಲ್ ಟ್ರಸ್ಟ್‌ಗಳು 2024–25ರಲ್ಲಿ ಪಕ್ಷಗಳಿಗೆ ಕೊಟ್ಟದ್ದು ಸುಮಾರು 3,800 ಕೋಟಿ, ಹಿಂದಿನ ವರ್ಷದ ಮೂರು ಪಟ್ಟು. ಅದರ ಐದರಲ್ಲಿ ನಾಲ್ಕು ಪಾಲು ಬಿಜೆಪಿಗೆ. ಟ್ರಸ್ಟಿಗೆ ಯಾರು ಕೊಟ್ಟರು, ಟ್ರಸ್ಟ್ ಯಾರಿಗೆ ಕೊಟ್ಟಿತು ಎರಡೂ ತಿಳಿಯುತ್ತದೆ; ಎಲ್ಲರ ಹಣವೂ ಒಂದೇ ಹಂಡೆಗೆ ಬೀಳುವುದರಿಂದ ಯಾರದು ಯಾರಿಗೆ ಎಂಬುದು ಮಾತ್ರ ಅಲ್ಲೇ ಕರಗುತ್ತದೆ. ಪಾರದರ್ಶಕತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಋಣವನ್ನು ಕಾಣಿಸೀತು, ಇಳಿಸಲಾರದು.

ಹಣ ಸುರಿದವರೆಲ್ಲ ಗೆಲ್ಲುವುದಿಲ್ಲವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬಾಂಡ್‌ಗಳಿಂದ 1,200 ಕೋಟಿಗೂ ಹೆಚ್ಚು ಪಡೆದ ಬಿಆರ್‌ಎಸ್ 2023ರಲ್ಲಿ ತೆಲಂಗಾಣದಲ್ಲಿ ಸೋತಿತು. ಅದೇ ವರ್ಷ ಕರ್ನಾಟಕದಲ್ಲಿ ಬಿಜೆಪಿ 66 ಸ್ಥಾನಕ್ಕೆ ಇಳಿಯಿತು. ಮತದಾರನನ್ನು ಕೊಳ್ಳಬಹುದೆಂಬ ಲೆಕ್ಕ ಪದೇ ಪದೇ ತಪ್ಪುತ್ತದೆ, ನಿಜ. ಆದರೆ ಕಂಪನಿಗಳು ಗೆಲುವನ್ನು ಕೊಳ್ಳುತ್ತಿಲ್ಲ, ಗೆದ್ದವರ ಮನೆಯ ಒಳಬಾಗಿಲನ್ನು ಕೊಳ್ಳುತ್ತಿವೆ. ಅದಕ್ಕೇ ಎರಡೂ ಕಡೆಗೆ ಕೊಡುತ್ತವೆ. ಸರ್ಕಾರ ಬದಲಾದಾಗ ರೈತ ಸಂಘದವರು, ಅಂಗನವಾಡಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಹೊಸದಾಗಿ ಧರಣಿ ಕೂರಬೇಕು. ದೊಡ್ಡ ದಾನಿಗೆ ಕುರ್ಚಿ ಮೊದಲೇ ಸಿದ್ಧವಿರುತ್ತದೆ.

ಹೆಸರು ಬಯಲಾದರೆ ದಾನಿಗಳಿಗೆ ಎದುರಾಳಿ ಪಕ್ಷದಿಂದ ಕಿರುಕುಳ ತಪ್ಪದು, ಆಗ ಮತ್ತೆ ಕಪ್ಪುಹಣವೇ ಗತಿ ಎಂಬುದು ಬಾಂಡ್ ಸಮರ್ಥಕರ ವಾದವಾಗಿತ್ತು. ಆ ವಾದದ ಹೊಟ್ಟೆಯೊಳಗೇ ಒಂದು ಒಪ್ಪಿಗೆ ಅಡಗಿದೆ. ದೇಣಿಗೆ ಕೊಡದವರನ್ನು ಸರ್ಕಾರ ಕಾಡಬಲ್ಲದು ಎಂದಾದರೆ ಕೊಟ್ಟವರನ್ನು ಕಾಯಬಲ್ಲದು ಎಂದೂ ಆಗುತ್ತದೆ. ಕಂಪನಿಗೂ ಮಾತಾಡುವ ಹಕ್ಕಿಲ್ಲವೇ ಎಂದು ಕೇಳುವವರಿಗೆ ಉತ್ತರ ಸರಳ: ಕಂಪನಿಗೆ ಮತವಿಲ್ಲ, ಅದರ ಹಣ ನಿರ್ದೇಶಕರ ಸ್ವಂತದ್ದೂ ಅಲ್ಲ. ಅದರಲ್ಲಿ ಎಲ್‌ಐಸಿ ಪಾಲಿಸಿದಾರರ, ತಿಂಗಳಿಗೆ ಐನೂರು ರೂಪಾಯಿ ಮ್ಯೂಚುವಲ್ ಫಂಡ್‌ಗೆ ಕಟ್ಟುವವರ ಪಾಲಿದೆ. ಕಂಪನಿಗಳ ಹಣ ಮುಂದೊಂದು ದಿನ ಪ್ರಜಾಪ್ರಭುತ್ವದ ಕತ್ತು ಹಿಸುಕೀತು ಎಂದು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ 1957ರಲ್ಲೇ ಟಾಟಾ ಉಕ್ಕು ಕಂಪನಿಯ ಪ್ರಕರಣದಲ್ಲಿ ಎಚ್ಚರಿಸಿದ್ದರು. ಕಂಪನಿ ಆಡಳಿತದವರು ತಮ್ಮ ಜೇಬಿನಿಂದ ಕೊಡಲಿ, ಯಾರೂ ತಡೆಯುವುದಿಲ್ಲ. ಕೆನಡಾ 2007ರಿಂದ ಒಕ್ಕೂಟದ ಮಟ್ಟದಲ್ಲಿ ಈ ನಿಯಮವನ್ನೇ ಪಾಲಿಸುತ್ತಿದೆ. ಪಕ್ಷಗಳ ರಾಷ್ಟ್ರಮಟ್ಟದ ಚುನಾವಣಾ ಖರ್ಚಿಗೆ ಬ್ರಿಟನ್ 2000ದ ಕಾಯ್ದೆಯಲ್ಲೇ ಮಿತಿ ಹಾಕಿತು.

ಹಾಗಾದರೆ ಪಕ್ಷಗಳು ಬದುಕುವುದು ಹೇಗೆ? 2024ರಲ್ಲಿ ಮತದಾರರ ಸಂಖ್ಯೆ ಸುಮಾರು 97 ಕೋಟಿ. ಐದು ವರ್ಷಕ್ಕೊಮ್ಮೆ ತಲೆಗೆ ನೂರು ರೂಪಾಯಿಯಂತೆ ಬೊಕ್ಕಸದಿಂದ ಕೊಟ್ಟರೂ 9,700 ಕೋಟಿ ಆಗುತ್ತದೆ. ಬಾಂಡ್‌ಗಳಲ್ಲಿ ಆರು ವರ್ಷಕ್ಕೆ ಬಂದದ್ದಕ್ಕಿಂತ ಬಹಳ ಕಡಿಮೆ. ತೆರಿಗೆ ಹಣ ರಾಜಕಾರಣಿಗಳಿಗೇಕೆ ಎಂಬ ಸಿಟ್ಟು ಸಹಜ. ಆದರೆ ಋಣ ತೀರಿಸಲು ಬಿಟ್ಟುಕೊಡುವ ತೆರಿಗೆ, ರಾಯಧನ, ಭೂಮಿ ಎಲ್ಲವೂ ಜನರವೇ. ಸರ್ಕಾರವೇ ಭಾಗಶಃ ವೆಚ್ಚ ಭರಿಸಬೇಕೆಂದು ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲೇ ಹೇಳಿತ್ತು. ಖರ್ಚಿಗೆ ಮಿತಿ ಹಾಕದೆ ಇದನ್ನು ಜಾರಿ ಮಾಡಿದರೆ ಮಾತ್ರ ಅನರ್ಥವೇ ಆದೀತು, ಅದು ಕಂಪನಿ ಹಣದ ಮೇಲಿನ ಕೊಸರಾಗುತ್ತದೆ ಅಷ್ಟೇ. ಹಾಗಾಗಿ ಮೊದಲು ಮಿತಿ, ಆಮೇಲೆ ನೆರವು. 1974ರಲ್ಲಿ ಮಿತಿ ತಪ್ಪಿಸಿಕೊಳ್ಳಲು ಸರ್ಕಾರಕ್ಕೆ ಬೇಕಾದದ್ದು ಕೆಲವು ವಾರ. ಪಕ್ಷಗಳ ಖರ್ಚಿಗೆ ಮಿತಿ ಬೇಕೇ ಎಂಬ ಪ್ರಶ್ನೆ 2018ರ ಆಗಸ್ಟ್‌ನಲ್ಲಿ ಚುನಾವಣಾ ಆಯೋಗ ಕರೆದ ಸರ್ವಪಕ್ಷ ಸಭೆಯ ಮೇಜಿನ ಮೇಲಿತ್ತು. ಮಸೂದೆ ಇನ್ನೂ ಸಂಸತ್ತಿಗೆ ಬಂದಿಲ್ಲ.