ಧವಲಕ್ಕೊಂದು ಅಳತೆ, ಸುವಾರ್ತೆಗೆ ಇನ್ನೊಂದೇ?

ಯೇಸುವಿನ ಸುವಾರ್ತೆಗಳೆಲ್ಲ ರೋಮಿನ ಅರಸರು ನೂರಾರು ವರ್ಷ ಕಳೆದ ಮೇಲೆ ಬರೆಸಿದ ಕಟ್ಟುಕಥೆ ಎಂಬ ಮಾತು ನಮ್ಮ ಮಾಣಿ ಪೇಟೆಯಲ್ಲೂ ಕೇಳಿಬರುತ್ತಿದೆ. ಹೇಳುವವರು ಓದಿಕೊಂಡವರು. ಅದಕ್ಕೇ ಉತ್ತರ ಕೊಡಬೇಕಾಗಿದೆ.

ಅವರು ಬೊಟ್ಟು ಮಾಡುವುದು ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಕರೆದ ನೈಸಿಯಾ ಸಭೆಯತ್ತ. ಆ ಸಭೆ ಯೇಸುವಿನ ದೈವತ್ವವನ್ನೂ ಈಸ್ಟರಿನ ದಿನವನ್ನೂ ಚರ್ಚಿಸಿತು, ಸುವಾರ್ತೆ ಬರೆಸಲಿಲ್ಲ. ಮ್ಯಾಂಚೆಸ್ಟರಿನ ಗ್ರಂಥಾಲಯವೊಂದರಲ್ಲಿ ಅಂಗೈಗಿಂತ ಚಿಕ್ಕದೊಂದು ಪಪೈರಸ್ ಚೂರಿದೆ. ಎರಡೂ ಬದಿಯಲ್ಲಿ ಗ್ರೀಕ್ ಅಕ್ಷರ. ಪಿಲಾತನು ಯೇಸುವನ್ನು ವಿಚಾರಣೆ ಮಾಡುವ, ಯೋಹಾನನ ಸುವಾರ್ತೆಯ ಭಾಗ. ಲಿಪಿ ನೋಡಿ ಹೆಚ್ಚಿನ ವಿದ್ವಾಂಸರು ಅದನ್ನು ಎರಡನೇ ಶತಮಾನಕ್ಕೆ ಸೇರಿಸುತ್ತಾರೆ. ಮೂರನೆಯದರ ಆರಂಭಕ್ಕೆ ತಂದರೂ ಆಗ ಕಾನ್‌ಸ್ಟಂಟೈನ್ ಹುಟ್ಟಿಯೇ ಇರಲಿಲ್ಲ.

ಮೂಲಪ್ರತಿ ಎಲ್ಲಿ ಎಂದು ಕೇಳುತ್ತಾರೆ. ಇಲ್ಲ, ನಿಜ. ಇಲ್ಲೇ ಮೂಡುಬಿದಿರೆಗೆ ಹೋಗಿ ನೋಡಲಿ. ಅಲ್ಲಿನ ಜೈನರು ಕಾಪಾಡಿಕೊಂಡು ಬಂದ, ಧವಲ ಎಂಬ ಟೀಕಾಗ್ರಂಥದ ತಾಳೆಗರಿಗಳು ಹನ್ನೆರಡನೇ ಶತಮಾನದ ಆಸುಪಾಸಿನವು. ಜೈನಾಚಾರ್ಯ ವೀರಸೇನರು ಆ ಟೀಕೆ ಮುಗಿಸಿದ್ದು 816ರಲ್ಲಿ. ಅದು ವಿವರಿಸುವ ಷಟ್ಖಂಡಾಗಮದ ಸೂತ್ರಗಳು ಇನ್ನೂ ಹಲವು ಶತಮಾನ ಹಿಂದಿನವು. ವೀರಸೇನರ ಕೈಬರಹ ಸಿಕ್ಕಿಲ್ಲವೆಂದು ಧವಲವನ್ನು ಯಾರೂ ಕಟ್ಟುಕಥೆ ಎನ್ನಲಿಲ್ಲ, ಎನ್ನಲೂಬಾರದು.

ಪ್ರತಿ ಮಾಡಿದವರು ತಿದ್ದಿದ್ದಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮಾರ್ಕನ ಕೊನೆಯ ಹನ್ನೆರಡು ವಚನಗಳು ನಾಲ್ಕನೇ ಶತಮಾನದ ಎರಡು ಪ್ರಮುಖ ಪ್ರತಿಗಳಲ್ಲಿ ಇಲ್ಲ. ವ್ಯಭಿಚಾರದ ಆರೋಪ ಹೊತ್ತ ಹೆಂಗಸಿನ ಪ್ರಸಂಗ ಯೋಹಾನನ ಹಳೆಯ ಪ್ರತಿಗಳಲ್ಲಿ ಸಿಗುವುದಿಲ್ಲ. ಆದರೆ ಇದು ಬಯಲಾದದ್ದು ಹೇಗೆ? ಬೇರೆ ಬೇರೆ ಊರುಗಳ ಪ್ರತಿಗಳು ಉಳಿದಿದ್ದರಿಂದ, ಅವನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ. ಒಬ್ಬ ಅರಸ ಎಲ್ಲವನ್ನೂ ತಿದ್ದಿಸಿದ್ದರೆ ಈ ವ್ಯತ್ಯಾಸಗಳೇ ಇರುತ್ತಿರಲಿಲ್ಲ.

ಲೂಕನ ಜನಗಣತಿಯ ಲೆಕ್ಕ ಕೂಡುವುದಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಹೆರೋದ ರಾಜನ ಕಾಲದ ಯೇಸುವಿನ ಜನನವನ್ನು ಲೂಕನು ರೋಮನ್ ಅಧಿಕಾರಿ ಕುರೇನ್ಯನ ಗಣತಿಗೆ ಜೋಡಿಸುತ್ತಾನೆ. ಆದರೆ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಎರಡನ್ನೂ ಹೊಂದಿಸಲು ಪಂಡಿತರು ಕೊಟ್ಟ ಸಮಾಧಾನಗಳು ನನಗೆ ಹಿಡಿಸಿಲ್ಲ. ಪವಾಡಗಳ ವಿಷಯವನ್ನಂತೂ ಯಾವ ಹಸ್ತಪ್ರತಿಯೂ ತೀರ್ಮಾನಿಸಲಾರದು. ಆದರೆ ಒಂದು ಕಾಲಗಣನೆ ತಪ್ಪಿತೆಂದು ಇಡೀ ಗ್ರಂಥವನ್ನು ಎಸೆಯುವುದಾದರೆ ನಮ್ಮ ಎಷ್ಟು ಶಾಸನಗಳು ಉಳಿದಾವು?

ಯೇಸು ಎಂಬವನೇ ಇರಲಿಲ್ಲ ಎನ್ನುವುದು ಅವರ ಕೊನೆಯ ವಾದ. ಕ್ರೈಸ್ತರನ್ನು ಕಂಡರಾಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್, 116ರ ಸುಮಾರಿಗೆ, ಕ್ರಿಸ್ತನಿಗೆ ಪಿಲಾತನ ಆಡಳಿತದಲ್ಲಿ ಮರಣದಂಡನೆಯಾಯಿತೆಂದು ಬರೆದ. ಅದಕ್ಕೂ ಅರವತ್ತು ವರ್ಷ ಹಿಂದೆಯೇ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಯೆರೂಸಲೇಮಿನಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಕಂಡೆನೆಂದು ಹೇಳಿದ್ದಾನೆ. ಇಲ್ಲದವನ ಸಹೋದರನನ್ನು ಪೌಲ ಕಂಡದ್ದು ಹೇಗೆಂದು ಅವರು ವಿವರಿಸಲಿ.